ಮೊದಲ ವರ್ಷ ಕೋಡಿಂಗ್ ಕಮ್ಮಿ, ಲ್ಯಾಬ್ ರೆಕಾರ್ಡ್ ಜಾಸ್ತಿ

ವಿಟಿಯು ಎಂಜಿನಿಯರಿಂಗ್ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಾಗ, ಮೊದಲ ದಿನದಿಂದಲೇ ಆ್ಯಪ್ ಕಟ್ಟುತ್ತೇನೆ ಅಂದುಕೊಂಡಿದ್ದೆ. ಸಿಕ್ಕಿದ್ದು ಫಿಸಿಕ್ಸ್ ಸೈಕಲ್. ಅರ್ಧ ಜನಕ್ಕೆ ಒಂದು ಸೆಮಿಸ್ಟರ್ ಫಿಸಿಕ್ಸ್, ಉಳಿದವರಿಗೆ ಕೆಮಿಸ್ಟ್ರಿ, ಆಮೇಲೆ ಅದಲುಬದಲು. ಜೊತೆಗೆ ಗಣಿತ, ಡ್ರಾಯಿಂಗ್, ಕೈ ನೋಯುವಷ್ಟು ರೆಕಾರ್ಡ್ ಬರೆಯೋದು. ಸೀನಿಯರ್‌ಗಳು ಯಾಕೆ ನಗುತ್ತಿದ್ದರು ಅಂತ ಆಗ ಗೊತ್ತಾಯಿತು!

ಸಿ ಪ್ರೋಗ್ರಾಮಿಂಗ್ ಭಾಷೆ ಮಾತ್ರ ನಿಜವಾಗಿ ಕಲಿಸಿತು, ಅದೂ ಮರ್ಯಾದೆ ತೆಗೆದು. ಲ್ಯಾಬ್ ಇಂಟರ್ನಲ್ಸ್ (ಕಾಲೇಜೇ ನಡೆಸುವ ಪರೀಕ್ಷೆ) ದಿನ, ಕೀಬೋರ್ಡಲ್ಲಿ ಒತ್ತಿದ್ದನ್ನು ಓದಿಕೊಳ್ಳುವ ಸ್ಕ್ಯಾನ್‌ಎಫ್‌ನಲ್ಲಿ ವೇರಿಯಬಲ್ (ಬೆಲೆ ಇಡೋಕೆ ಹೆಸರು ಕೊಟ್ಟ ಜಾಗ) ಮುಂದೆ ಆ್ಯಂಪರ್‌ಸ್ಯಾಂಡ್ (&) ಹಾಕೋದು ಮರೆತೆ. ಒಂದು ವಾರ್ನಿಂಗ್ ಬಂತು, ಸುಮ್ನೆ ಬಿಟ್ಟೆ. ರನ್ ಮಾಡಿ 5 ಒತ್ತಿದೆ, ಸೆಗ್ಮೆಂಟೇಶನ್ ಫಾಲ್ಟ್ ಅಂತ ಬಂದು ಪ್ರೋಗ್ರಾಂ ಅಲ್ಲೇ ನಿಂತಿತು. ಸ್ಕ್ಯಾನ್‌ಎಫ್‌ಗೆ ಬೇಕಿರೋದು ವೇರಿಯಬಲ್‌ನ ಮೆಮೊರಿ ವಿಳಾಸ, ಅದರೊಳಗಿನ ಬೆಲೆ ಅಲ್ಲ, ಅನ್ನೋದು ನನಗೆ ಹೊಳೆಯುವಷ್ಟರಲ್ಲಿ ಅರ್ಧ ಗಂಟೆ ಹೋಗಿತ್ತು. ವಾರ್ನಿಂಗ್ ಓದಿ, ಪ್ಲೀಸ್.

ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿಲ್ಲ ಅಂತ ಹೆದರಬೇಡಿ. ನಮ್ಮ ಬ್ಯಾಚಲ್ಲಿ ಬಯಾಲಜಿ ತಗೊಂಡವರು ಎರಡು ತಿಂಗಳಲ್ಲಿ ನಮ್ಮನ್ನು ಹಿಂದೆ ಹಾಕಿದರು. ಲೂಪ್‌ಗಳನ್ನು (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕೋಡ್) ಅವರು ಪೇಪರ್ ಮೇಲೆ ಸಾಲು ಸಾಲಾಗಿ ನಡೆಸಿ ನೋಡುತ್ತಿದ್ದರು, ನಾವು ಬಾಯಿಪಾಠ ಹೊಡೆಯುತ್ತಿದ್ದೆವು. ಹಾಜರಾತಿ ಕಡೆಗೂ ಒಂದು ಕಣ್ಣಿಡಿ, 85 ಪರ್ಸೆಂಟ್ ಬೇಕು ಅಂದರೆ ತಮಾಷೆ ಅಲ್ಲ.