ಟಾಗೋರ್ ಬೀಚ್‌ನಲ್ಲಿ ನೆನಪಾದ ವಿಗನ್

ಇವತ್ತು ಸಂಜೆ ಕಾರವಾರದ ಟಾಗೋರ್ ಬೀಚ್‌ನಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಚಪ್ಪಲಿಗಳೇ ಗೋಲ್ ಕಂಬ. ಎಲ್ಲರಿಗಿಂತ ಸಣ್ಣವನೊಬ್ಬ ಹಾರಿ ತಲೆ ಕೊಟ್ಟ, ಗೋಲ್! ನನಗೆ 2013ರ ಮೇ 11 ನೆನಪಾಯಿತು.

ಆ ರಾತ್ರಿ ಇಂಗ್ಲೆಂಡಿನ ನಾಕೌಟ್ ಫುಟ್‌ಬಾಲ್ ಟೂರ್ನಿ ಎಫ್‌ಎ ಕಪ್‌ನ ಫೈನಲ್. ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ದೊಡ್ಡ ಕ್ಲಬ್ ಮ್ಯಾಂಚೆಸ್ಟರ್ ಸಿಟಿ ಎದುರು ಪುಟ್ಟ ಕ್ಲಬ್ ವಿಗನ್. ಇಲ್ಲಿ ನಮ್ಮಲ್ಲಿ ವಿಪರೀತ ಸೆಕೆ. ಮನೆಯವರೆಲ್ಲ ಮಲಗಿದ್ದರು, ಟಿವಿ ಸದ್ದು ಪೂರ್ತಿ ಇಳಿಸಿ ಕೂತಿದ್ದೆ. 91ನೇ ನಿಮಿಷ. ವಿಗನ್‌ನ ಮಲೋನಿಯ ಕಾರ್ನರ್, ಬೆನ್ ವಾಟ್ಸನ್ ತಲೆ, ವಿಗನ್‌ಗೆ 1-0. ಅದೇ ಸೀಸನ್‌ನಲ್ಲಿ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಹೊರಗಿದ್ದವನು ಅವನು! ಬದಲಿ ಆಟಗಾರನಾಗಿ ಇಳಿದು ಹತ್ತು ನಿಮಿಷ ಆಗಿತ್ತಷ್ಟೆ. ನಾನು ಕೂಗಿದ್ದಕ್ಕೆ ಆಯಿ ಗಾಬರಿಯಾಗಿ ಎದ್ದು ಬಂದಳು.

ಮೂರೇ ದಿನ. ಆರ್ಸೆನಲ್ ಎದುರು 4-1ರಿಂದ ಸೋತು ವಿಗನ್ ಅಲ್ಲಿನ ಅತ್ಯುನ್ನತ ಲೀಗ್ ಆದ ಪ್ರೀಮಿಯರ್ ಲೀಗ್‌ನಿಂದಲೇ ಹೊರಬಿತ್ತು. ಒಂದೇ ಸೀಸನ್‌ನಲ್ಲಿ ಈ ಕಪ್ ಗೆದ್ದು ಕೆಳ ಲೀಗ್‌ಗೆ ಇಳಿದ ಮೊದಲ ತಂಡ ಅದು. ಆಗ ಪಾಪ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಲೀಗ್‌ನಲ್ಲಿ ಪ್ರತಿ ವರ್ಷ ಇಪ್ಪತ್ತರಲ್ಲಿ ಹದಿನೇಳು ತಂಡ ಉಳಿಯುತ್ತವೆ. ಕಪ್ ಒಂದೇ ಅಲ್ವಾ?

ಆ ಸಣ್ಣವನ ತಂಡ ಗೆದ್ದಿತೋ ಇಲ್ಲವೋ ನೋಡಲಿಲ್ಲ, ಕತ್ತಲಾಗಿತ್ತು. ಅವರು ಮಾತ್ರ ಇನ್ನೂ ಆಡುತ್ತಲೇ ಇದ್ದರು.