ಸೀಗಿ ಹುಣ್ಣಿಮಿ, ಗ್ರಹಣ ಮತ್ತ ರಗ್ಬಿ ಫೈನಲ್

ನಮ್ಮ ಕೊಪ್ಪಳದಾಗ ರಗ್ಬಿ ಅಂದ್ರ "ಅದೇ, ತತ್ತಿ ಆಕಾರದ ಚೆಂಡ್ ಹಿಡ್ಕೊಂಡು ಗುದ್ದಾಡ್ತಾರಲ್ಲ" ಅಂತಾರ. ನನಗೂ ಅಷ್ಟ ಗೊತ್ತಿತ್ತು, ಆದ್ರ ಕಬಡ್ಡಿ ಆಡಿ ಮೊಣಕಾಲ್ ಕೆತ್ತಿಸ್ಕೊಂಡಾವಗ ಟ್ಯಾಕಲ್ ನೋಡಿದ್ರ ರುಚಿ ಹತ್ತದ ಇರತೈತಿ ಏನ್ರಿ?

2023ರ ಅಕ್ಟೋಬರ್ 28, ಸೀಗಿ ಹುಣ್ಣಿಮಿ. ಹೊಲದಾಗ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಪುಂಡಿ ಪಲ್ಯ ಉಂಡು, ಬದುವಿನ ಮ್ಯಾಲ ಕುಂತು ಮೊಬೈಲ್‌ನಾಗ ಕ್ರಿಕೆಟ್ ನೋಡಿದ್ವಿ. ಧರ್ಮಶಾಲಾದಾಗ ಆಸ್ಟ್ರೇಲಿಯಾ 388, ನ್ಯೂಜಿಲೆಂಡ್ 383, ಐದೇ ರನ್ನಿಂದ ಸೋತ್ರು. ಪಾಪ, ಅವ್ರ ಗ್ರಹಚಾರ ಅಷ್ಟಕ್ಕ ಮುಗೀಲಿಲ್ಲ, ನಮ್ಮ ಟೈಮಿಗೆ ರಾತ್ರಿ ಹನ್ನೆರಡೂವರಿಗೆ ಪ್ಯಾರಿಸ್ ಹತ್ರ ದಕ್ಷಿಣ ಆಫ್ರಿಕಾ ಜೊತಿ ರಗ್ಬಿ ವಿಶ್ವಕಪ್ ಫೈನಲ್ ಇತ್ತು, ಇಲ್ಲಿ ಅದೇ ರಾತ್ರಿ ಚಂದ್ರಗ್ರಹಣ.

ಆವತ್ತಿನ ತನಕ ಇಬ್ಬರ ಹತ್ರನೂ ಮೂರ್ಮೂರು ಕಪ್. ನ್ಯೂಜಿಲೆಂಡ್ 1987, 2011, 2015. ದಕ್ಷಿಣ ಆಫ್ರಿಕಾ 1995, 2007, 2019, ಅದೂ ವರ್ಣಭೇದದ ಸಲುವಾಗಿ ಮೊದಲಿನ ಎರಡು ವಿಶ್ವಕಪ್ ಆಡಾಕ ಬಿಟ್ಟಿದ್ದಿಲ್ಲ ಅವ್ರನ್ನ. ಉಳಿದಂಗ ಆಸ್ಟ್ರೇಲಿಯಾಕ್ಕ ಎರಡು, ಇಂಗ್ಲೆಂಡಿಗೆ ಒಂದು. ಫ್ರಾನ್ಸ್ ಮೂರು ಫೈನಲ್ ಆಡಿ ಮೂರೂ ಸೋತೈತಿ, 2011ರಾಗಂತೂ 8-7, ಅದನ್ನ ನೆನಸಿದ್ರ ನನಗ ಹೊಟ್ಟ್ಯಾಗ ಸಂಕಟ.

ಅವ್ವ ನೀರಿನ ಕೊಡ, ಹಾಲಿನ ಗಿಂಡಿ ಎಲ್ಲಾದ್ರ ಮ್ಯಾಲೂ ಗರಿಕಿ ಇಟ್ಟು "ಹೊರಗ ಬರಬ್ಯಾಡ" ಅಂದು ಮಲಗಿದ್ಲು. ನಾ ಕೌದಿ ಒಳಗ ಮೊಬೈಲ್ ಹಿಡ್ಕೊಂಡು ಬೆವರಾಕತ್ತಿದ್ದೆ. ಮೊದಲರ್ಧದೊಳಗ ನ್ಯೂಜಿಲೆಂಡ್ ಕ್ಯಾಪ್ಟನ್ ಸ್ಯಾಮ್ ಕೇನ್‌ಗೆ ರೆಡ್ ಕಾರ್ಡ್, ಗಂಡಸರ ವಿಶ್ವಕಪ್ ಫೈನಲ್‌ನಾಗ ಅದೇ ಮೊದ್ಲು. ಹದಿನಾಲ್ಕೇ ಮಂದಿ ಉಳಿದ್ರೂ ಮ್ಯಾಚಿನ ಒಂದೇ ಒಂದು ಟ್ರೈ (ಚೆಂಡ್ ಒಯ್ದು ಎದುರಿನವರ ಗೆರಿ ಆಚಿ ನೆಲಕ್ಕ ಒತ್ತೋದು) ಹೊಡೆದವರು ಅವರ, ಬೋಡನ್ ಬ್ಯಾರೆಟ್! ದಕ್ಷಿಣ ಆಫ್ರಿಕಾಕ್ಕ ಬಂದ 12 ಪಾಯಿಂಟೂ ಪೊಲಾರ್ಡ್ ಕಾಲಿಂದ, ಎದುರಿನವರ ತಪ್ಪಿಗೆ ಸಿಕ್ಕ ನಾಕು ಪೆನಾಲ್ಟಿ ಒದ್ದು ಅಷ್ಟ. ಇದನ್ನ ನೋಡಿ ಬೋರ್ ಅಂತಾರ ಕೆಲವರು. ಕಬಡ್ಡಿಯೊಳಗ ಕಡೀ ರೈಡ್ ತಡದಾವಂಗ ಕೇಳ್ರಿ, ಅಂವ ಹೇಳ್ತಾನ ಎದಿ ಹೆಂಗ ಹೊಡ್ಕೊಂತೈತಿ ಅಂತ.

ದಕ್ಷಿಣ ಆಫ್ರಿಕಾ ಕ್ವಾರ್ಟರ್ ಫೈನಲ್‌ನಾಗ ಫ್ರಾನ್ಸ್ ಮ್ಯಾಲ ಗೆದ್ದಿದ್ದು 29-28, ಸೆಮಿಯೊಳಗ ಇಂಗ್ಲೆಂಡ್ ಮ್ಯಾಲ 16-15. ಈಗ ಮತ್ತ 12-11. ಕಡೀಕ ಅವರ ಆಟಗಾರ ಕೋಲ್ಬೆಗೆ ಯೆಲ್ಲೋ ಕಾರ್ಡ್ ಬಿತ್ತು, ಅಂವ ಹೊರಗ ಕುರ್ಚಿ ಮ್ಯಾಲ ಕುಂತು ಜರ್ಸಿ ಎಳ್ಕೊಂಡು ಮಾರಿ ಮುಚ್ಕೊಂಡಾನ, ಇಲ್ಲಿ ನಾನೂ ಕೌದಿಯಾಗ ಮಾರಿ ಮುಚ್ಕೊಂಡೀನಿ.

ಸೀಟಿ ಊದಿದ್ದ ತಡ "ಹೋ" ಅಂತ ಒದರಿಬಿಟ್ಟೆ. ಒಳಗಿಂದ ಅವ್ವ, "ಗ್ರಹಣ ಬಿಡ್ತೇನಪ?"

"ಬಿಡ್ತಬೇ. ಒಂದ ಪಾಯಿಂಟಿಂದ."