ಹನ್ನೊಂದು ಜನ ನೋಡ್ತಿದ್ದರು

“ಹನ್ನೊಂದು ಜನ ಮಾರಾಯ. ಅದ್ರಲ್ಲಿ ಒಬ್ರು ಪಕ್ಕದ ರೂಮಲ್ಲೇ ಇದಾರೆ.”

ಮಂಗಳವಾರದಿಂದ ಈ ಮಾತು ತಲೆಯಿಂದ ಹೋಗ್ತಾ ಇಲ್ಲ. ಅಮ್ಮನ ಮನೆಯ ಇ-ಖಾತೆಗೆ ಅಂತ ಊರಿಗೆ ಹೋಗಿದ್ದೆ. ಪುರಸಭೆಯಲ್ಲಿ ಗುಮಾಸ್ತರ ಕುರ್ಚಿ ಖಾಲಿ. ಮೇಲೆ ಸಾಮಾನ್ಯ ಸಭೆ ಅಂದರು. ಸುಮ್ನೆ ಮೆಟ್ಟಿಲು ಹತ್ತಿದೆ. ಬಾಗಿಲ ಹತ್ತಿರ ಎರಡು ಪ್ಲಾಸ್ಟಿಕ್ ಕುರ್ಚಿ ಒಂದರ ಮೇಲೊಂದು, ಅದರ ಮೇಲೆ ನೀರಿನ ಬಾಟ್ಲಿಗೆ ಒರಗಿಸಿದ ಮೊಬೈಲು, ಅದರ ಹಿಂದೆ ನಮ್ಮ ಪೇಪರ್ ರಾಯರು. ಯೂಟ್ಯೂಬ್ ಲೈವ್! ಎಷ್ಟು ಜನ ನೋಡ್ತಿದಾರೆ ಅಂತ ಕಿವಿಯಲ್ಲಿ ಕೇಳಿದ್ದಕ್ಕೆ ಬಂದ ಉತ್ತರ ಅದು.

ನನಗೆ ನಗು ಬಂತು. ಅಷ್ಟರಲ್ಲಿ ಸದಸ್ಯೆಯೊಬ್ಬರು ಎದ್ದು, ಹೊಸ ಪೈಪಿನ ಬಿಲ್ ಪಾಸಾಗಿದೆ, ಪೈಪ್ ಎಲ್ಲಿ ಅಂತ ಕೇಳಿದರು. ಅಮ್ಮನ ಬೀದಿಯದೇ ಪೈಪು. ಎರಡು ನಿಮಿಷ ಕಳೆದಿರಬಹುದು, ಯಾರೂ ಕರೆಯದೇ ಎಂಜಿನಿಯರ್ ಸಾಹೇಬರು ಕಂಕುಳಲ್ಲಿ ಫೈಲ್ ಇಟ್ಟುಕೊಂಡು ಒಳಗೆ ಬಂದರು. ರಾಯರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಪಕ್ಕದ ರೂಮಿನವರು!

ರಾಯರ ಬಗ್ಗೆ ನನಗೆ ಅಂಥ ಭಕ್ತಿ ಏನಿಲ್ಲ. ಅವರು ನಾಲ್ಕು ಪುಟದ ಪೇಪರಿನಲ್ಲಿದ್ದಾಗ ಅರ್ಧ ಪುಟ ಪುಢಾರಿಗಳ ಹುಟ್ಟುಹಬ್ಬದ ಫೋಟೋ ಇರುತ್ತಿತ್ತು. ಆ ಜಾಹೀರಾತು ಕೇಳಲು ಹೋಗುತ್ತಿದ್ದವರೂ ಅವರೇ. ಅದೇ ಪುಢಾರಿಯ ವಿರುದ್ಧ ಮಾರನೇ ದಿನ ಏನು ಬರೆದಾರು? ಆದರೆ ಸುದ್ದಿಯನ್ನು ಕವರಿಗೆ ಹಾಕಿ, ಸಂಜೆ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಶಿವಮೊಗ್ಗಕ್ಕೆ ಕಳಿಸುತ್ತಿದ್ದ ಕಾಲದಿಂದಲೂ ಪುರಸಭೆ ಮೀಟಿಂಗ್ ಮಾತ್ರ ತಪ್ಪಿಸಿದವರಲ್ಲ. ಅವರ ಅಳಿಯನದೂ ಒಂದು ಚಾನೆಲ್ ಇದೆ. ಅಪಘಾತ ಆದ ಜಾಗದಲ್ಲಿ ಅಳುತ್ತಿರುವವರ ಬಾಯಿಗೆ ಮೈಕ್ ಹಿಡಿಯುತ್ತಾನೆ. ಅವನಿಗೆ ಲಕ್ಷ ವ್ಯೂಸ್. ಅವನನ್ನು ಕಂಡರೆ ನನಗಾಗುವುದಿಲ್ಲ.

ಮಧ್ಯಾಹ್ನ ಹೋಟೆಲಲ್ಲಿ ರಾಯರು ಲೆಕ್ಕ ಒಪ್ಪಿಸಿದರು. ಯೂಟ್ಯೂಬ್ ಜಾಹೀರಾತಿನ ದುಡ್ಡು ಬೇಕಾದರೆ 1,000 ಸಬ್‌ಸ್ಕ್ರೈಬರ್ಸ್, ವರ್ಷದಲ್ಲಿ 4,000 ಗಂಟೆ ಜನ ನೋಡಿರಬೇಕು. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆ ಆಯ್ತಲ್ಲ, ಶರಾವತಿ ಹಿನ್ನೀರಿನ ಮೇಲೆ ಎರಡೂವರೆ ಕಿಲೋಮೀಟರ್ ಹತ್ತಿರ ಉದ್ದದ್ದು, ಅದರ ವಿಡಿಯೋ ಮತ್ತು ತೋಟಕ್ಕೆ ನುಗ್ಗಿದ ಆನೆ, ಇವೆರಡೇ ಅವರನ್ನು ದಡ ಸೇರಿಸಿದ್ದಂತೆ. “ಪುರಸಭೆ ವಿಡಿಯೋ ಪೆಟ್ರೋಲಿಗೂ ಆಗಲ್ಲ ಮಾರಾಯ” ಅಂದರು. ಬಿಲ್ ನಾನೇ ಕೊಟ್ಟೆ.

ವಾಪಸ್ ಬರುವಾಗ ಬಸ್ಸಲ್ಲಿ ಇದೇ ಯೋಚನೆ. ಪೇಪರಿನಲ್ಲಿ ಪುರಸಭೆ ಸುದ್ದಿಗೆ ಬೇರೆ ಟಿಕೆಟ್ ಇರಲಿಲ್ಲ. ಅಪ್ಪ ಪೇಪರ್ ತರಿಸುತ್ತಿದ್ದದ್ದು ಅಡಿಕೆ ಧಾರಣೆಗೆ, ನಾನು ಓದುತ್ತಿದ್ದದ್ದು ಕ್ರಿಕೆಟ್ಟು, ಅಜ್ಜಿಗೆ ಬೇಕಿದ್ದದ್ದು ಯಾರು ತೀರಿಕೊಂಡರು ಅನ್ನೋದು. ಇವೆಲ್ಲದರ ಜೊತೆ ಚರಂಡಿ, ಟೆಂಡರ್, ಪೈಪು ಟಾಪ್ ಮೇಲಿನ ಲಗೇಜಿನ ಹಾಗೆ ಬಂದುಬಿಡುತ್ತಿದ್ದವು. ಈಗ ಮೊಬೈಲಲ್ಲಿ ಪ್ರತಿ ಸುದ್ದಿಯೂ ತನ್ನ ಟಿಕೆಟ್ ತಾನೇ ತಗೋಬೇಕು. ಆನೆ ತಗೊಳ್ಳುತ್ತೆ. ಪೈಪ್ ಎಲ್ಲಿಂದ ತಗೊಳ್ಳತ್ತೆ?

1843ರ ಜುಲೈ 1ರಂದು ಮಂಗಳೂರಲ್ಲಿ ಜರ್ಮನ್ ಪಾದ್ರಿ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದಾಗ ಅದರಲ್ಲಿ ಊರ ವರ್ತಮಾನಕ್ಕೆ ಅಂತಲೇ ಜಾಗ ಇತ್ತು. ಅದು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಪತ್ರಿಕೆ. ಎಷ್ಟು ಜನ ಓದಿದರು ಅಂತ ಮೂಲೆಯಲ್ಲಿ ಕೆಂಪು ಅಂಕಿ ಕುಣಿಯುತ್ತಿರಲಿಲ್ಲ. ಕುಣಿದಿದ್ದರೆ ಮೋಗ್ಲಿಂಗ್ ಕೂಡ ಆನೆ ಹುಡುಕಿಕೊಂಡು ಹೋಗುತ್ತಿದ್ದರೇನೋ.

ಆದರೂ ಆ ಫೈಲ್ ಹಿಡಿದು ಬಂದ ಎಂಜಿನಿಯರ್ ಕಣ್ಣೆದುರಿಗೇ ಬರ್ತಾರೆ. ಅಳಿಯನ ಲಕ್ಷ ಜನ ಯಾರನ್ನೂ ಕುರ್ಚಿಯಿಂದ ಎಬ್ಬಿಸಿದ್ದು ನಾನು ಕಂಡಿಲ್ಲ.

ನಿನ್ನೆ ರಾತ್ರಿ ಆ ವಿಡಿಯೋ ತೆಗೆದು ನೋಡಿದೆ. ಎರಡೂವರೆ ಗಂಟೆ, 43 ವ್ಯೂಸ್. ಅದರಲ್ಲಿ ಮೂರು ನನ್ನವೇ. ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ. ನೀರು ಇವತ್ತೂ ಕೆಂಪಗೇ ಬಂತಂತೆ.

“ರಾಯರಿಗೆ ಹೇಳಿದ್ಯಾ?”

“ಹೇಳ್ದೆ. ಎರಡು ಬಾಟ್ಲಿ ಹಿಡಿದಿಟ್ಟಿರಿ, ಮೊಬೈಲ್ ಚಾರ್ಜ್ ಮಾಡ್ಕೊಂಡು ಬರ್ತೀನಿ ಅಂದ್ರು.”